ಮಾದಕ ನ್ಯಾಯಾಲಯ: ಬೋರ್ಡು ಹಾಕಿದರೆ ಸಾಲದು

ಇಂಗ್ಲೆಂಡಿನಲ್ಲಿ ಮಾದಕ ನ್ಯಾಯಾಲಯಗಳ ಮಾತು ಮತ್ತೆ ಜೋರಾಗಿದೆ. ಡ್ರಗ್ಸ್ ಚಟಕ್ಕೆ ಬಿದ್ದು ಅಂಗಡಿ ಕಳ್ಳತನಕ್ಕೋ ಸಣ್ಣಪುಟ್ಟ ಮಾರಾಟಕ್ಕೋ ಇಳಿದವರನ್ನು ಜೈಲಿಗೆ ತಳ್ಳುವ ಬದಲು ಚಿಕಿತ್ಸೆಗೆ ಹಚ್ಚಿ, ನ್ಯಾಯಾಧೀಶರೇ ಮೇಲಿಂದ ಮೇಲೆ ಕರೆಸಿ ವಿಚಾರಿಸಿಕೊಳ್ಳುವ ಕೋರ್ಟುಗಳು ಇವು. ಸರ್ಕಾರ ಈಗ ಇವನ್ನು ತೀವ್ರ ಮೇಲ್ವಿಚಾರಣೆಯ ನ್ಯಾಯಾಲಯಗಳು ಎಂದು ಕರೆಯುತ್ತದೆ. 2023ರ ಜೂನ್‌ನಲ್ಲಿ ಲಿವರ್‌ಪೂಲ್, ಟೀಸೈಡ್ ಮತ್ತು ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಪ್ರಯೋಗ 2024ರಲ್ಲಿ ಬ್ರಿಸ್ಟಲ್‌ಗೂ ಬಂತು. 2025ರ ಮೇ ತಿಂಗಳಲ್ಲಿ ಡೇವಿಡ್ ಗಾಕ್ ನೇತೃತ್ವದ ಶಿಕ್ಷಾ ಪರಿಶೀಲನಾ ವರದಿ, ಇಂಥ ಕೋರ್ಟುಗಳನ್ನು ಇನ್ನಷ್ಟು ಊರುಗಳಲ್ಲಿ ತೆರೆಯಬೇಕು ಎಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಸೂದೆ, 12 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ ಜೈಲುಶಿಕ್ಷೆಯನ್ನು ಸಾಮಾನ್ಯವಾಗಿ ಅಮಾನತಿನಲ್ಲಿಡಬೇಕು ಎಂಬ ದಾರಿ ಹಿಡಿಯಿತು. ಮೊದಲ ನಾಲ್ಕು ಊರುಗಳಲ್ಲಿ ಲಂಡನ್ ಇಲ್ಲ. ಇವತ್ತಲ್ಲ ನಾಳೆ ಲಂಡನ್ನಿನ ಸರದಿ ಬರುತ್ತದೆ.

ಈ ಬದಲಾವಣೆಯನ್ನು ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ. ಆದರೆ ಹೊತ್ತು ಮೀರುವ ಮೊದಲೇ ಒಂದು ಎಚ್ಚರಿಕೆ ಕೊಡಬೇಕಾಗಿದೆ. ಮಾದಕ ನ್ಯಾಯಾಲಯ ಯಾವುದರಿಂದ ಗೆಲ್ಲುತ್ತದೆ, ಯಾವುದರಿಂದ ಸೋಲುತ್ತದೆ ಎಂಬುದು ಗುಟ್ಟಿನ ವಿಷಯವೇನಲ್ಲ. ಮೂವತ್ತು ವರ್ಷಕ್ಕೂ ಮೀರಿದ ಅನುಭವ ಕಣ್ಣೆದುರಿಗಿದೆ. ಜೈಲುಗಳು ತುಂಬಿ ತುಳುಕುತ್ತಿವೆ. 2024ರ ಸೆಪ್ಟೆಂಬರ್‌ನಿಂದ, ಶಿಕ್ಷೆಯ ಶೇ 40ರಷ್ಟು ಮುಗಿಸಿದ ಹಲವರನ್ನು ಹೊರಗೆ ಬಿಡಬೇಕಾಗಿ ಬಂತು. ಈ ಅವಸರದಲ್ಲಿ ಕೋರ್ಟು ತೆರೆದು, ನ್ಯಾಯಾಧೀಶರನ್ನು ಮೇಲಿಂದ ಮೇಲೆ ಬದಲಿಸುತ್ತ, ಚಿಕಿತ್ಸೆಗೆ ವಾರಗಟ್ಟಲೆ ಕಾಯಿಸುತ್ತ ನಡೆಸಿದರೆ ಪ್ರಯೋಗ ಎರಡನೇ ಸಲವೂ ಕೈಕೊಡುತ್ತದೆ. ಆಗ ತಪ್ಪನ್ನು ಯಾರೂ ವ್ಯವಸ್ಥೆಯ ತಲೆಗೆ ಹಾಕುವುದಿಲ್ಲ. ಇಷ್ಟೆಲ್ಲ ಅವಕಾಶ ಕೊಟ್ಟರೂ ಉದ್ಧಾರವಾಗಲಿಲ್ಲ ಎಂದು ಅದನ್ನು ವ್ಯಸನಿಯ ತಲೆಗೇ ಕಟ್ಟುತ್ತಾರೆ.

ಒಂದೇ ಸ್ಟೇಷನ್ನಿನ ಎರಡು ಪಾಠ

ವಾಯವ್ಯ ಲಂಡನ್ನಿನ ರೇನರ್ಸ್ ಲೇನ್‌ನಿಂದ ಈ ಮಾತು ಹೇಳುವುದಕ್ಕೆ ಕಾರಣವಿದೆ. ನಮ್ಮ ಸ್ಟೇಷನ್ನಿನಲ್ಲಿ ಪಿಕಡಿಲಿ ಲೈನ್ ಹಿಡಿದು ನಗರದ ಒಳಕ್ಕೆ ಹೊರಟರೆ ಹ್ಯಾಮರ್‌ಸ್ಮಿತ್ ಸಿಗುತ್ತದೆ. ಅಲ್ಲಿನ ಟಾಲ್ಗಾರ್ತ್ ರಸ್ತೆಯ ವೆಸ್ಟ್ ಲಂಡನ್ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ 2005ರಲ್ಲಿ ಸರ್ಕಾರದ ಮಾದಕ ನ್ಯಾಯಾಲಯ ಪ್ರಯೋಗ ಶುರುವಾಯಿತು; ಲೀಡ್ಸ್ ಅದರ ಜೋಡಿ. ಎದುರಿನ ಪ್ಲಾಟ್‌ಫಾರಂನಿಂದ ಮೆಟ್ರೊಪಾಲಿಟನ್ ಲೈನ್ ಹತ್ತಿ ಕೊನೆಯ ಸ್ಟೇಷನ್ನಿಗೆ ಹೋದರೆ ಅಕ್ಸ್‌ಬ್ರಿಜ್. ವ್ಯಸನಿ ತಂದೆತಾಯಿಯರಿಗಾಗಿ 2008ರಲ್ಲಿ ಲಂಡನ್ನಿನಲ್ಲಿ ಶುರುವಾದ ಕುಟುಂಬ ಮಾದಕ ಮತ್ತು ಮದ್ಯ ನ್ಯಾಯಾಲಯವನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿ ವರದಿ ಬರೆದವರು ಅಲ್ಲಿನ ಬ್ರೂನೆಲ್ ವಿಶ್ವವಿದ್ಯಾಲಯದ ಜುಡಿತ್ ಹಾರ್ವಿನ್ ಮತ್ತು ಅವರ ಸಂಗಡಿಗರು. ಒಂದು ಪ್ರಯೋಗ ದೇಶದ ತುಂಬ ಹರಡದೆ ನಿಂತುಹೋಯಿತು. ಇನ್ನೊಂದು ದುಡ್ಡಿನ ಕಷ್ಟದ ನಡುವೆಯೂ ಉಳಿದು ಬೆಳೆಯಿತು. ಎರಡರ ಪಾಠವೂ ನಮ್ಮ ಮನೆ ಬಾಗಿಲಲ್ಲೇ ಇದೆ.

ಹ್ಯಾಮರ್‌ಸ್ಮಿತ್‌ನಲ್ಲಿ ಕೋರ್ಟಿಗೆ ಜೀವ ತುಂಬಿದವರು ಜಿಲ್ಲಾ ನ್ಯಾಯಾಧೀಶ ಜಸ್ಟಿನ್ ಫಿಲಿಪ್ಸ್. ಬಂದವರನ್ನು ಅವರು ಹೆಸರು ಹಿಡಿದು ಮಾತಾಡಿಸುತ್ತಿದ್ದರು, ಕಳೆದ ಸಲ ಏನಾಗಿತ್ತೆಂದು ನೆನಪಿಟ್ಟುಕೊಂಡು ಕೇಳುತ್ತಿದ್ದರು. 2008ರಲ್ಲಿ ನ್ಯಾಯ ಸಚಿವಾಲಯ ಹೊರತಂದ ಮೌಲ್ಯಮಾಪನ ವರದಿಯಲ್ಲಿ ಎದ್ದು ಕಾಣುವ ಅಂಶವೂ ಇದೇ: ಪ್ರತಿ ಸಲವೂ ಅದೇ ನ್ಯಾಯಪೀಠದ ಮುಂದೆ ಬಂದವರು ಹಾಜರಿ ತಪ್ಪಿಸಿದ್ದು ಕಡಿಮೆ, ಆದೇಶದ ಅವಧಿ ಪೂರೈಸಿದ್ದು ಹೆಚ್ಚು, ಮತ್ತೆ ಅಪರಾಧಕ್ಕೆ ಸಿಕ್ಕಿಬಿದ್ದದ್ದು ಕಡಿಮೆ. 2009ರಲ್ಲಿ ಬಾರ್ನ್ಸ್‌ಲಿ, ಸಾಲ್ಫರ್ಡ್, ಬ್ರಿಸ್ಟಲ್, ಕಾರ್ಡಿಫ್‌ಗಳೂ ಸೇರಿ ಪ್ರಯೋಗದ ಊರುಗಳು ಆರಾದವು. ಅಲ್ಲಿಗೆ ಬೆಳವಣಿಗೆ ನಿಂತಿತು. ಮುಂದೆ ಮಿತವ್ಯಯದ ವರ್ಷಗಳು ಬಂದವು, ಕೋರ್ಟುಗಳೇ ಸಾಲುಸಾಲಾಗಿ ಬಾಗಿಲು ಹಾಕಿದವು. ಹ್ಯಾಮರ್‌ಸ್ಮಿತ್‌ನಲ್ಲಿ ಕಲಿತ ಪಾಠ ವರದಿಯಲ್ಲೇ ಉಳಿಯಿತು.

ಅದಕ್ಕೂ ಹಿಂದಿನ ಒಂದು ಲೆಕ್ಕ ಇನ್ನೂ ಕಹಿಯಾದದ್ದು. 1998ರ ಕಾಯ್ದೆಯಡಿ ಕ್ರಾಯ್ಡನ್, ಲಿವರ್‌ಪೂಲ್, ಗ್ಲಾಸ್ಟರ್‌ಶೈರ್‌ಗಳಲ್ಲಿ ಚಿಕಿತ್ಸೆ ಮತ್ತು ಪರೀಕ್ಷೆಯ ಆದೇಶಗಳನ್ನು ಪ್ರಯೋಗಕ್ಕೆ ತಂದರು. ಎರಡು ವರ್ಷ ಬಿಟ್ಟು ನೋಡಿದರೆ ಒಟ್ಟು ಶೇ 80 ಮಂದಿ ಮತ್ತೆ ಶಿಕ್ಷೆಗೆ ಗುರಿಯಾಗಿದ್ದರು. ಆದೇಶದ ಅವಧಿ ಪೂರೈಸಿದವರು ಶೇ 30 ಮಾತ್ರ. ಪೂರೈಸಿದವರಲ್ಲಿ ಮತ್ತೆ ಶಿಕ್ಷೆಯಾದದ್ದು ಶೇ 53, ನಡುವೆ ಆದೇಶ ರದ್ದಾದವರಲ್ಲಿ ಶೇ 91. ಪೂರೈಸಿದವರು ಮೊದಲೇ ಗಟ್ಟಿ ಮನಸ್ಸಿನವರಿದ್ದಿರಬಹುದು, ಹಾಗಾಗಿ ಇಡೀ ವ್ಯತ್ಯಾಸವನ್ನು ಚಿಕಿತ್ಸೆಯ ಖಾತೆಗೆ ಬರೆಯುವುದು ಸರಿಯಲ್ಲ. ಆದರೂ ಒಂದು ವಿಷಯ ಸ್ಪಷ್ಟ. ಬರೀ ಆದೇಶ ಹೊರಡಿಸಿ, ಮೂತ್ರ ಪರೀಕ್ಷೆ ಮಾಡಿಸಿ, ತಪ್ಪಿದರೆ ರದ್ದು ಮಾಡುವ ಪದ್ಧತಿಯಿಂದ ಹತ್ತರಲ್ಲಿ ಏಳು ಮಂದಿ ಜಾರಿಹೋಗುತ್ತಾರೆ. ಅವರನ್ನು ಹಿಡಿದುಕೊಳ್ಳುವುದು ಹೇಗೆ ಎಂಬುದೇ ಮಾದಕ ನ್ಯಾಯಾಲಯದ ಮುಂದಿರುವ ಪ್ರಶ್ನೆ.

ಯಾರ ಮುಂದೆ ನಿಲ್ಲುತ್ತಾನೆ ಎಂಬುದೇ ಮೊದಲ ಮಾತು

ಈ ಬಗೆಯ ಮೊದಲ ಕೋರ್ಟು 1989ರಲ್ಲಿ ಅಮೆರಿಕದ ಮಯಾಮಿಯಲ್ಲಿ ಶುರುವಾಯಿತು. ಅಲ್ಲಿಂದ ಇಲ್ಲಿಯವರೆಗೆ ಸಾವಿರಾರು ಕೋರ್ಟುಗಳು ಹುಟ್ಟಿವೆ, ಲೆಕ್ಕವಿಲ್ಲದಷ್ಟು ಅಧ್ಯಯನಗಳಾಗಿವೆ. 2012ರಲ್ಲಿ 154 ಮೌಲ್ಯಮಾಪನಗಳನ್ನು ಒಟ್ಟಿಗಿಟ್ಟು ನೋಡಿದ ಸಂಶೋಧಕರು, ವಯಸ್ಕರ ಮಾದಕ ನ್ಯಾಯಾಲಯಗಳಲ್ಲಿ ಮರು ಅಪರಾಧದ ಪ್ರಮಾಣ ಶೇ 50ರಿಂದ ಸುಮಾರು ಶೇ 38ಕ್ಕೆ ಇಳಿಯುತ್ತದೆ ಎಂದು ಕಂಡರು. ಇದು ಸಣ್ಣ ಲಾಭವಲ್ಲ. ಆದರೆ ಇದು ಸರಾಸರಿ. ಇದರೊಳಗೆ ತುಂಬ ಚೆನ್ನಾಗಿ ನಡೆದ ಕೋರ್ಟುಗಳೂ ಇವೆ, ಏನೂ ಫಲ ಕೊಡದವೂ ಇವೆ. ವ್ಯತ್ಯಾಸ ಎಲ್ಲಿ ಹುಟ್ಟುತ್ತದೆ?

23 ಮಾದಕ ನ್ಯಾಯಾಲಯಗಳನ್ನು ಸೇರಿಸಿ ನಡೆಸಿ, 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಉತ್ತರ ನೇರವಾಗಿದೆ: ಈ ನ್ಯಾಯಾಧೀಶರು ನನ್ನನ್ನು ಮನುಷ್ಯನಂತೆ ಕಾಣುತ್ತಾರೆ, ನನ್ನ ಮಾತು ಕೇಳುತ್ತಾರೆ, ನ್ಯಾಯವಾಗಿ ನಡೆದುಕೊಳ್ಳುತ್ತಾರೆ ಎಂದು ನಂಬಿದವರೇ ಹೆಚ್ಚು ಸುಧಾರಿಸಿದರು. ಹ್ಯಾಮರ್‌ಸ್ಮಿತ್ ವರದಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತನ್ನೇ. ಪ್ರತಿಯೊಬ್ಬರ ಜತೆ ನ್ಯಾಯಾಧೀಶರು ಸರಾಸರಿ ಮೂರು ನಿಮಿಷವಾದರೂ ಮಾತಾಡುವ ಕೋರ್ಟುಗಳಲ್ಲಿ ಫಲಿತಾಂಶ ಎದ್ದು ಕಾಣುವಷ್ಟು ಉತ್ತಮ ಎಂದು ಅಮೆರಿಕದ ಇನ್ನೊಂದು ಅಧ್ಯಯನ ತೋರಿಸಿದೆ. ಮೂರು ನಿಮಿಷ ದೊಡ್ಡ ಹೊತ್ತಲ್ಲ. ಆದರೆ ದಿನಕ್ಕೆ ಐವತ್ತು ಕೇಸು ಮುಗಿಸಬೇಕಾದ ಕೋರ್ಟಿನಲ್ಲಿ ಮೂರು ನಿಮಿಷವೂ ಸಿಗುವುದಿಲ್ಲ.

ಲಂಡನ್ನಿನ ಕುಟುಂಬ ನ್ಯಾಯಾಲಯದಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಇದನ್ನು ಕಟ್ಟಿದವರು ನ್ಯಾಯಾಧೀಶ ನಿಕೊಲಾಸ್ ಕ್ರೈಟನ್. ಒಬ್ಬಳೇ ತಾಯಿಯ ಮಡಿಲಿನಿಂದ ಒಂದಾದ ಮೇಲೊಂದು ಮಗುವನ್ನು ಬೇರ್ಪಡಿಸುವ ಆದೇಶ ಬರೆದು ಬರೆದು ನೊಂದವರು ಅವರು. ಕ್ಯಾಲಿಫೋರ್ನಿಯಾದ ಇಂಥದೇ ಕೋರ್ಟಿನಿಂದ ಕಲಿತು, ಕ್ಯಾಮ್‌ಡನ್, ಇಸ್ಲಿಂಗ್ಟನ್, ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್‌ಗಳನ್ನು ಜತೆಗೂಡಿಸಿ 2008ರ ಜನವರಿಯಲ್ಲಿ ಹೊಸ ಕೋರ್ಟು ಶುರು ಮಾಡಿದರು. ಇಲ್ಲಿ ತಾಯಿಯೋ ತಂದೆಯೋ ಎರಡು ವಾರಕ್ಕೊಮ್ಮೆ ಅದೇ ನ್ಯಾಯಾಧೀಶರ ಎದುರು ಕೂರುತ್ತಾರೆ. ಆ ಭೇಟಿಯಲ್ಲಿ ವಕೀಲರು ಇರುವುದಿಲ್ಲ. ಪಕ್ಕದಲ್ಲಿರುವುದು ಚಿಕಿತ್ಸಾ ತಂಡದ ಕಾರ್ಯಕರ್ತೆ, ಮೇಜಿನ ಮೇಲಿರುವುದು ಎರಡು ವಾರದ ಚಿಕ್ಕ ವರದಿ. ಪರೀಕ್ಷೆಯ ಫಲಿತಾಂಶ ಏನು ಬಂತು, ಕೌನ್ಸೆಲಿಂಗಿಗೆ ಎಷ್ಟು ಸಲ ಹೋದೆ, ಮಗುವನ್ನು ನೋಡಲು ಹೋದಾಗ ಹೇಗಿತ್ತು, ಮನೆ ಬಾಡಿಗೆಯ ವಿಷಯ ಏನಾಯಿತು ಎಂದು ನ್ಯಾಯಾಧೀಶರು ನೇರವಾಗಿ ಕೇಳುತ್ತಾರೆ. ಉತ್ತರವನ್ನು ಆಕೆಯೇ ಕೊಡಬೇಕು. ಚೆನ್ನಾಗಿದ್ದರೆ ಶಹಬ್ಬಾಸ್ ಎನ್ನುತ್ತಾರೆ. ತಪ್ಪಿದ್ದರೆ ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಿ, ಮುಂದಿನ ಎರಡು ವಾರಕ್ಕೆ ಏನು ಮಾಡಬೇಕೆಂದು ಅಲ್ಲೇ ತೀರ್ಮಾನಿಸುತ್ತಾರೆ.

ಇದರ ಫಲವೇನು? 2023ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ, ಇಂಥ ಕುಟುಂಬ ಕೋರ್ಟುಗಳಿಗೆ ಬಂದ ಕುಟುಂಬಗಳ ಶೇ 52ರಷ್ಟು ಮಕ್ಕಳು ಪ್ರಕರಣ ಮುಗಿಯುವ ಹೊತ್ತಿಗೆ ತಮ್ಮನ್ನು ಸಾಕುತ್ತಿದ್ದವರ ಬಳಿಗೇ ಮರಳಿದರು. ಮಾಮೂಲಿ ಕೋರ್ಟುಗಳಲ್ಲಿ ಈ ಪ್ರಮಾಣ ಶೇ 12.5. ಚಟ ಬಿಟ್ಟ ತಂದೆತಾಯಿಯರು ಇಲ್ಲಿ ಶೇ 33.6, ಅಲ್ಲಿ ಶೇ 8.1. ಇಷ್ಟು ಚೆನ್ನಾಗಿ ನಡೆದ ಯೋಜನೆಗೂ ದುಡ್ಡಿನ ಆಸರೆ ಗಟ್ಟಿಯಿರಲಿಲ್ಲ. ದೇಶದ ಇಂಥ ಕೋರ್ಟುಗಳಿಗೆ ಬೆಂಬಲವಾಗಿದ್ದ ರಾಷ್ಟ್ರೀಯ ಘಟಕ 2018ರಲ್ಲಿ ಹಣವಿಲ್ಲದೆ ಮುಚ್ಚಿತು. ಹೊಸ ಕೋರ್ಟುಗಳನ್ನು ಘೋಷಿಸುವವರು ಈ ಸಂಗತಿಯನ್ನು ಮರೆಯಬಾರದು.

ಎಲ್ಲರಿಗೂ ಈ ಮದ್ದು ಹೊಂದುವುದಿಲ್ಲ

ಎರಡನೆಯ ಅಂಶ, ಯಾರನ್ನು ಒಳಗೆ ಸೇರಿಸಿಕೊಳ್ಳುತ್ತೀರಿ ಎಂಬುದು. ಮಾದಕ ನ್ಯಾಯಾಲಯ ಹೆಚ್ಚು ಫಲ ಕೊಡುವುದು ಚಟ ಆಳಕ್ಕಿಳಿದು, ಮತ್ತೆ ಮತ್ತೆ ಅಪರಾಧಕ್ಕೆ ಬೀಳುವವರಲ್ಲಿ. ವಾರಾಂತ್ಯದಲ್ಲಿ ಗಾಂಜಾ ಸೇದಿ ಸಿಕ್ಕಿಬಿದ್ದ ಕಾಲೇಜು ಹುಡುಗನನ್ನು ಅದೇ ಗುಂಪಿಗೆ ಸೇರಿಸಿದರೆ ಲಾಭಕ್ಕಿಂತ ಹಾನಿಯೇ ಹೆಚ್ಚು. ಅವನ ಓದು ಕೆಡುತ್ತದೆ, ಪರಿಚಯವಾಗಬಾರದವರ ಪರಿಚಯವಾಗುತ್ತದೆ, ಸಣ್ಣ ತಪ್ಪಿಗೆ ದೊಡ್ಡ ಆದೇಶ ಹೆಗಲೇರುತ್ತದೆ. ಮೇಲೆ ಹೇಳಿದ 154 ಅಧ್ಯಯನಗಳಲ್ಲೂ ಹದಿಹರೆಯದವರ ಕೋರ್ಟುಗಳ ಪರಿಣಾಮ ವಯಸ್ಕರದ್ದಕ್ಕಿಂತ ತೀರ ಕಡಿಮೆ: ಶೇ 50ರಿಂದ ಶೇ 43.5ಕ್ಕೆ ಮಾತ್ರ.

ನಮ್ಮ ಮನೆಗಳಲ್ಲಿ, ಒಂದು ಸಲ ಕೋರ್ಟು ಹೆದರಿಸಿದರೆ ಹುಡುಗ ಸರಿಹೋಗುತ್ತಾನೆ ಎನ್ನುವ ತಂದೆತಾಯಿಯರಿದ್ದಾರೆ. ಆ ಲೆಕ್ಕಾಚಾರ ತಪ್ಪು. ಹುಡುಗರಿಗೆ ಬೇಕಾದದ್ದು ಯುವಜನರ ಚಿಕಿತ್ಸಾ ಸೇವೆ, ಶಾಲೆಯ ನೆರವು, ಮನೆಯವರ ಮಾತುಕತೆ. 2023ರ ನವೆಂಬರ್‌ನಿಂದ ನೈಟ್ರಸ್ ಆಕ್ಸೈಡ್ ಅನಿಲವನ್ನು ಅಮಲಿಗಾಗಿ ಇಟ್ಟುಕೊಳ್ಳುವುದೂ ಇಲ್ಲಿ ಅಪರಾಧ. ಹೀಗೆ ಕಾನೂನಿನ ಬಲೆ ಅಗಲವಾದಷ್ಟೂ ಸಣ್ಣ ವಯಸ್ಸಿನವರು ಅದರಲ್ಲಿ ಬೀಳುತ್ತಾರೆ. ಅವರನ್ನೆಲ್ಲ ತೀವ್ರ ಮೇಲ್ವಿಚಾರಣೆಗೆ ತುಂಬಿ ಸಂಖ್ಯೆ ತೋರಿಸುವ ಆಸೆ ಯಾರಿಗೂ ಬರಬಾರದು.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಇಂಥ ಆದೇಶ ಸಿಗಬೇಕಾದರೆ ಸಾಮಾನ್ಯವಾಗಿ ತಪ್ಪೊಪ್ಪಿಕೊಂಡಿರಬೇಕು, ಚಿಕಿತ್ಸೆಗೂ ಒಪ್ಪಬೇಕು. ಕಪ್ಪು ಮತ್ತು ಏಷ್ಯಾ ಮೂಲದ ಆರೋಪಿಗಳಿಗೆ ವ್ಯವಸ್ಥೆಯ ಮೇಲೆ ನಂಬಿಕೆ ಕಡಿಮೆ, ಹಾಗಾಗಿ ಅವರು ತಪ್ಪೊಪ್ಪಿಕೊಳ್ಳುವುದೂ ಕಡಿಮೆ ಎಂದು 2017ರಲ್ಲೇ ಡೇವಿಡ್ ಲ್ಯಾಮಿ ತಮ್ಮ ವರದಿಯಲ್ಲಿ ಬರೆದಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಲ್ಯಾಮಿ ನ್ಯಾಯ ಸಚಿವರಾದರು. ನಂಬಿಕೆ ಇಲ್ಲದವರು ಬಾಗಿಲಲ್ಲೇ ಉಳಿಯುವಂಥ ಕೋರ್ಟನ್ನು ಅವರ ಇಲಾಖೆಯೇ ಕಟ್ಟಬಾರದು. ಯಾವ ಸಮುದಾಯದವರು ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಪೂರೈಸಿದರು ಎಂಬ ಲೆಕ್ಕ ಮೊದಲ ವರ್ಷದಿಂದಲೇ ಜನರ ಮುಂದೆ ಬರಲಿ.

ಆದೇಶದ ಹಿಂದೆ ಚಿಕಿತ್ಸೆ ಇರಲಿ

ಚಟ ಬಿಡಬೇಕೆಂಬ ಮನಸ್ಸು ಬಹಳ ಹೊತ್ತು ನಿಲ್ಲುವುದಿಲ್ಲ. ಕೋರ್ಟಿನಲ್ಲಿ ಹೂಂ ಎಂದವನಿಗೆ ಮೊದಲ ಭೇಟಿ ಮೂರು ವಾರದ ಮೇಲೆ ಸಿಕ್ಕರೆ ಅಷ್ಟರಲ್ಲಿ ಅವನು ಹಳೆಯ ಗೆಳೆಯರ ಜತೆ ಇರುತ್ತಾನೆ. ಹೆರಾಯಿನ್ ಚಟವಿದ್ದವನಿಗೆ ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಬೇಗ ಶುರುವಾಗಬೇಕು. ಅಮೆರಿಕದ ಹಲವು ಕೋರ್ಟುಗಳು ಈ ಔಷಧಗಳನ್ನೂ ಚಟವೆಂದೇ ಕಂಡು, ಅವನ್ನು ಬಿಟ್ಟರೆ ಮಾತ್ರ ಪಾಸು ಎಂದು ಹಟ ಹಿಡಿದಿದ್ದವು. ಅದು ಜೀವದ ಜತೆ ಆಡುವ ಆಟ. ಕೆಲವು ವಾರ ಬಿಟ್ಟಿದ್ದ ದೇಹ ಹಳೆಯ ಪ್ರಮಾಣವನ್ನು ತಾಳುವುದಿಲ್ಲ. ಮತ್ತೆ ಅಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರಲ್ಲಿ ಮಾದಕ ವಿಷದಿಂದ 5,448 ಸಾವುಗಳು ದಾಖಲಾದವು. 1993ರಲ್ಲಿ ಲೆಕ್ಕ ಇಡಲು ಶುರು ಮಾಡಿದ ಮೇಲೆ ಅಲ್ಲಿಯವರೆಗಿನ ಅತಿ ಹೆಚ್ಚಿನ ಸಂಖ್ಯೆ ಅದು. ನೈಟಜೀನ್ ಎಂಬ ಅತಿ ಪ್ರಬಲ ಕೃತಕ ಅಮಲು ಮಾರುಕಟ್ಟೆಯೊಳಕ್ಕೆ ನುಗ್ಗಿರುವ ಈ ಹೊತ್ತಿನಲ್ಲಿ ಒಂದು ವಾರದ ವಿಳಂಬವೂ ದುಬಾರಿ.

2021ರಲ್ಲಿ ಡೇಮ್ ಕರೋಲ್ ಬ್ಲ್ಯಾಕ್ ಮಾದಕ ವಸ್ತುಗಳ ಕುರಿತ ತಮ್ಮ ವರದಿಯ ಎರಡನೇ ಭಾಗದಲ್ಲಿ, ವರ್ಷಗಟ್ಟಲೆ ಕಡಿತದಿಂದ ಚಿಕಿತ್ಸಾ ವ್ಯವಸ್ಥೆ ಸೊರಗಿದೆ, ನುರಿತ ಕೆಲಸಗಾರರೇ ಇಲ್ಲವಾಗಿದ್ದಾರೆ ಎಂದು ಖಡಾಖಂಡಿತವಾಗಿ ಹೇಳಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಸರ್ಕಾರ ಚಿಕಿತ್ಸೆಗೆ 78 ಕೋಟಿ ಪೌಂಡ್ ಘೋಷಿಸಿತು. ಅದರಿಂದ ಚೇತರಿಕೆ ಶುರುವಾದದ್ದು ನಿಜ. ಆದರೆ ಜೈಲಿಗೆ ಹೋಗಬೇಕಾದ ಸಾವಿರಾರು ಮಂದಿ ಇನ್ನು ಮೇಲೆ ಸಮುದಾಯದಲ್ಲೇ ಶಿಕ್ಷೆ ಕಳೆಯುವುದಾದರೆ ಪ್ರೊಬೇಷನ್ ಅಧಿಕಾರಿಗಳ ಮೇಲೆ, ಕೌನ್ಸಿಲ್‌ಗಳ ಚಿಕಿತ್ಸಾ ಸೇವೆಗಳ ಮೇಲೆ ಬೀಳುವ ಹೊರೆಗೆ ತಕ್ಕ ಹಣ ಮೊದಲೇ ಬರಬೇಕು. ಕೋರ್ಟು ಮೊದಲು, ಹಣ ಆಮೇಲೆ ಎಂದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಗುತ್ತದೆ.

ಜಾರಿದಾಗ ಏನು ಮಾಡುತ್ತೀರಿ?

ಚಿಕಿತ್ಸೆಯ ದಾರಿಯಲ್ಲಿ ಹೆಚ್ಚಿನವರು ಒಮ್ಮೆಯಾದರೂ ಜಾರುತ್ತಾರೆ. ಕೋರ್ಟಿನ ನಿಜವಾದ ಪರೀಕ್ಷೆ ನಡೆಯುವುದು ಆಗ. ಚೆನ್ನಾಗಿ ನಡೆಯುವ ಕೋರ್ಟುಗಳು ಎರಡನ್ನು ಬೇರೆಬೇರೆಯಾಗಿ ನೋಡುತ್ತವೆ. ಪರೀಕ್ಷೆಯಲ್ಲಿ ಡ್ರಗ್ಸ್ ಕಂಡುಬಂದು, ಅವನು ಅದನ್ನು ಒಪ್ಪಿಕೊಂಡರೆ ಚಿಕಿತ್ಸೆಯನ್ನು ಬಿಗಿ ಮಾಡಬೇಕು. ಸುಳ್ಳು ಹೇಳಿದರೆ, ಭೇಟಿ ತಪ್ಪಿಸಿದರೆ, ಮಾದರಿ ಬದಲಿಸಿದರೆ ಶಿಕ್ಷೆ ಆಗಬೇಕು. ಶಿಕ್ಷೆ ದೊಡ್ಡದಾಗಿರಬೇಕಿಲ್ಲ, ತಕ್ಷಣ ಮತ್ತು ಹೇಳಿದಂತೆಯೇ ಆಗಬೇಕು. ಎರಡು ತಿಂಗಳು ಬಿಟ್ಟು ಬರುವ ಕಠಿಣ ಶಿಕ್ಷೆಗಿಂತ ಎರಡು ದಿನದಲ್ಲಿ ಬರುವ ಸಣ್ಣ ಶಿಕ್ಷೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಇಷ್ಟು ವರ್ಷಗಳ ಅನುಭವ. 2022ರ ಕಾಯ್ದೆ ಇಲ್ಲಿನ ಹೊಸ ಕೋರ್ಟುಗಳಿಗೆ, ಆದೇಶ ಮುರಿದವರನ್ನು 28 ದಿನದವರೆಗೆ ಜೈಲಿಗೆ ಕಳಿಸುವ ಅಧಿಕಾರ ಕೊಟ್ಟಿದೆ, ಅದೂ ಮೂರು ಸಲಕ್ಕೆ ಮೀರದಂತೆ. ಈ ಅಧಿಕಾರವನ್ನು ಬಳಸುವ ಕೈ ಹಗುರವಾಗಿರಲಿ. 28 ದಿನ ಒಳಗಿದ್ದು ಬರುವಷ್ಟರಲ್ಲಿ ಕೆಲಸ ಹೋಗಿರುತ್ತದೆ, ಬಾಡಿಗೆ ಕೋಣೆ ಕೈತಪ್ಪಿರುತ್ತದೆ, ಶುರುವಾದ ಔಷಧದ ಸರಣಿ ಕಡಿದಿರುತ್ತದೆ.

ಮನೆಯ ವಿಷಯವೂ ಅಷ್ಟೇ ಮುಖ್ಯ. ಡ್ರಗ್ಸ್ ಮಾರುವವನ ಪಕ್ಕದ ಕೋಣೆಯಲ್ಲಿ ಮಲಗುವವನಿಗೆ ಯಾವ ನ್ಯಾಯಾಧೀಶರ ಮಾತೂ ರಾತ್ರಿ ಹನ್ನೊಂದಕ್ಕೆ ನೆನಪಿಗೆ ಬರುವುದಿಲ್ಲ. ಕೋರ್ಟು ಎಷ್ಟು ದೂರ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹ್ಯಾರೋದ ಮ್ಯಾಜಿಸ್ಟ್ರೇಟ್ ಕೋರ್ಟು ಹಿಂದೆಯೇ ಮುಚ್ಚಿತ್ತು. ಹ್ಯಾರೋ ಕ್ರೌನ್ ಕೋರ್ಟಿನ ಕಟ್ಟಡದಲ್ಲಿ ಪೊಳ್ಳು ಕಾಂಕ್ರೀಟು ಪತ್ತೆಯಾಗಿ 2023ರ ಆಗಸ್ಟ್‌ನಲ್ಲಿ ಅದನ್ನೂ ಮುಚ್ಚಿ, ಕೇಸುಗಳನ್ನು ಬೇರೆ ಕೋರ್ಟುಗಳಿಗೆ ಹಂಚಿದರು. ರೇನರ್ಸ್ ಲೇನ್‌ನ ಒಬ್ಬ ವ್ಯಸನಿ ತಿಂಗಳಿಗೊಮ್ಮೆ, ಹದಿನೈದು ದಿನಕ್ಕೊಮ್ಮೆ ಹಾಜರಾಗಬೇಕು ಎಂದಾದರೆ ಯಾವ ಊರಿಗೆ ಹೋಗಬೇಕು, ಅಲ್ಲಿ ಅದೇ ನ್ಯಾಯಾಧೀಶರು ಸಿಗುತ್ತಾರೆಯೇ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಬೇಕು.

ನಮ್ಮ ಮನೆಯ ಕದ ತಟ್ಟಿದಾಗ

ಇದೆಲ್ಲ ನಮಗೆ ಸಂಬಂಧವಿಲ್ಲದ ಸಂಗತಿ ಎಂದು ಹ್ಯಾರೋ, ಪಿನ್ನರ್, ರೇನರ್ಸ್ ಲೇನ್ ಸುತ್ತಲಿನ ಕನ್ನಡ ಕುಟುಂಬಗಳು ಭಾವಿಸಬಾರದು. ಕುಡಿತವಾಗಲಿ ಡ್ರಗ್ಸ್ ಆಗಲಿ, ನಮ್ಮಲ್ಲಿ ಅದು ಮೊದಲು ಗೊತ್ತಾಗುವುದು ಮನೆಯವರಿಗೆ, ಕೊನೆಗೆ ಗೊತ್ತಾಗುವುದು ಡಾಕ್ಟರಿಗೆ. ಯಾರಿಗೂ ಹೇಳಬೇಡ, ಊರಿಗೆ ಸುದ್ದಿ ಹೋದರೆ ಮರ್ಯಾದೆ ಏನಾಗುತ್ತದೆ ಎನ್ನುತ್ತಲೇ ಎರಡು ಮೂರು ವರ್ಷ ಕಳೆಯುತ್ತವೆ. ಸಾಲ ತೀರಿಸುತ್ತಾರೆ, ಆಫೀಸಿಗೆ ಸುಳ್ಳು ಹೇಳುತ್ತಾರೆ, ಹುಡುಗನನ್ನು ಅಜ್ಜಿಯ ಮನೆಗೆಂದು ಮೈಸೂರಿಗೋ ಹುಬ್ಬಳ್ಳಿಗೋ ಕಳಿಸುತ್ತಾರೆ. ಕೊನೆಗೆ ಪೊಲೀಸರು ಬಂದಾಗಲೇ ವಿಷಯ ಹೊರಬೀಳುತ್ತದೆ.

ಚಿಕಿತ್ಸೆ ಫಲಿಸಬೇಕಾದರೆ ಮನೆಯವರು ಜತೆಗಿರಬೇಕು. ಈವರೆಗಿನ ಅನುಭವವೆಲ್ಲ ಹೇಳುವುದೂ ಅದನ್ನೇ. ಆದರೆ ಇಲ್ಲಿನ ಚಿಕಿತ್ಸಾ ಗುಂಪುಗಳ ಮಾತು ಇಂಗ್ಲಿಷಿನಲ್ಲಿ ನಡೆಯುತ್ತದೆ. ಸೊಸೆಯ ಜತೆ ಹೊಸದಾಗಿ ಬಂದ ಅತ್ತೆಗೆ, ಊರಿನಿಂದ ಬಂದು ವರ್ಷವಾಗದ ಹೆಂಡತಿಗೆ ಅಲ್ಲಿ ಕೂತು ಮನಸ್ಸು ಬಿಚ್ಚುವುದು ಸುಲಭವಲ್ಲ. ಕೋರ್ಟಿನಲ್ಲಿ ದುಭಾಷಿ ಸಿಗಬಹುದು, ಕೌನ್ಸೆಲಿಂಗಿನಲ್ಲಿ ಭಾಷೆಯ ಜತೆ ಮನೆಯ ರೀತಿ ರಿವಾಜೂ ಗೊತ್ತಿರುವವರು ಬೇಕು. 1983ರಲ್ಲಿ ಶುರುವಾದ ಕನ್ನಡ ಬಳಗದಂಥ ಸಂಘಗಳಲ್ಲಿ ವೈದ್ಯರು, ನರ್ಸುಗಳು, ಮನೋವೈದ್ಯರು ಇದ್ದಾರೆ. ಯುಗಾದಿ, ದೀಪಾವಳಿ, ರಾಜ್ಯೋತ್ಸವದ ವೇದಿಕೆಯಲ್ಲಿ ಹತ್ತು ನಿಮಿಷ ಈ ಮಾತಿಗೆ ಮೀಸಲಿಟ್ಟರೆ ಎಷ್ಟೋ ಮನೆಗಳಿಗೆ ಧೈರ್ಯ ಬರುತ್ತದೆ.

ಇನ್ನೊಂದು ಸಂಗತಿಯನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಬ್ರಿಟಿಷ್ ಪೌರತ್ವ ಇಲ್ಲದವರಿಗೆ 12 ತಿಂಗಳು ಅಥವಾ ಹೆಚ್ಚಿನ ಜೈಲುಶಿಕ್ಷೆಯಾದರೆ, 2007ರ ಕಾಯ್ದೆಯ ಪ್ರಕಾರ ಗಡಿಪಾರು ಮಾಡುವುದೇ ನಿಯಮ. ವೀಸಾದ ಮೇಲೆ ಇರುವವರು ತಪ್ಪೊಪ್ಪಿಕೊಳ್ಳುವ ಮೊದಲು ವಲಸೆ ಕಾನೂನನ್ನೂ ಬಲ್ಲ ವಕೀಲರ ಸಲಹೆ ಪಡೆಯಲೇಬೇಕು. ಕೇಸಾಗುವವರೆಗೆ ಕಾಯದೆ ಚಿಕಿತ್ಸೆಗೆ ಹೋದರೆ ಈ ಸಂಕಟವೇ ಬರುವುದಿಲ್ಲ. ಕೌನ್ಸಿಲ್‌ನ ಚಿಕಿತ್ಸಾ ಸೇವೆಗೆ ಯಾರ ಚೀಟಿಯೂ ಇಲ್ಲದೆ ನೇರವಾಗಿ ಹೋಗಬಹುದು, ದುಡ್ಡು ಕೊಡಬೇಕಿಲ್ಲ. ಚಟವಿದೆ ಎಂದು ಹೇಳಿಕೊಂಡ ಮಾತ್ರಕ್ಕೆ ನಿಮ್ಮ ಜಿ.ಪಿ. ಡಾಕ್ಟರು ಪೊಲೀಸರಿಗೆ ಸುದ್ದಿ ಮುಟ್ಟಿಸುವುದಿಲ್ಲ. ಹೆಸರು ಹೇಳದೆ ಮಾತಾಡಬೇಕೆನಿಸಿದರೆ ಫ್ರಾಂಕ್ ಸಹಾಯವಾಣಿ ಇದೆ: 0300 123 6600.

ತವರಿನಲ್ಲಿ ವರ್ಷಕ್ಕೊಂದು ವರದಿ

ಕರ್ನಾಟಕದ ಓದುಗರಿಗೂ ಇದರಲ್ಲಿ ಪಾಠವಿದೆ. ಬೆಂಗಳೂರು, ಮಂಗಳೂರು ಮೊದಲಾದ ಕಡೆ ಮಾದಕ ವಸ್ತು ಪ್ರಕರಣಗಳನ್ನು ವಿಶೇಷ ನ್ಯಾಯಾಲಯಗಳು ನೋಡುತ್ತವೆ, ಆದರೆ ಅವು ವಿಚಾರಣೆಯ ಕೋರ್ಟುಗಳು, ಚಿಕಿತ್ಸೆಯ ಕೋರ್ಟುಗಳಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಚಿಕಿತ್ಸೆಗೆ ಬಾಗಿಲು ಇದ್ದೇ ಇದೆ. ಸೇವನೆಗಾಗಿ ಅಥವಾ ಅಲ್ಪ ಪ್ರಮಾಣಕ್ಕಾಗಿ ತಪ್ಪಿತಸ್ಥನಾದ ವ್ಯಸನಿಯನ್ನು, ಅವನು ಒಪ್ಪಿದರೆ, ಶಿಕ್ಷೆ ವಿಧಿಸದೆ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಗೆ ಕಳಿಸಬಹುದು ಎನ್ನುತ್ತದೆ 39ನೇ ಸೆಕ್ಷನ್. ತಾನಾಗಿ ಚಿಕಿತ್ಸೆಗೆ ಹೋದವನಿಗೆ 64ಎ ಸೆಕ್ಷನ್ ಮೊಕದ್ದಮೆಯಿಂದಲೇ ರಕ್ಷಣೆ ಕೊಡುತ್ತದೆ. ಆದರೆ 39ನೇ ಸೆಕ್ಷನ್ ಕೇಳುವುದೇನು? ಮುಚ್ಚಳಿಕೆ ಬರೆದುಕೊಟ್ಟು, ಒಂದು ವರ್ಷದೊಳಗೆ ಕೋರ್ಟಿಗೆ ಬಂದು ಚಿಕಿತ್ಸೆಯ ವರದಿ ಒಪ್ಪಿಸಬೇಕು. ಲಂಡನ್ನಿನ ತಾಯಿ ಎರಡು ವಾರಕ್ಕೊಮ್ಮೆ ನ್ಯಾಯಾಧೀಶರ ಎದುರು ಕೂರುತ್ತಾಳೆ. ದಾವಣಗೆರೆಯ ಹುಡುಗನಿಗೆ ಕಾನೂನು ಕೊಡುವುದು ಒಂದು ವರ್ಷದ ವಾಯಿದೆ. ನಡುವೆ ಅವನನ್ನು ಹೇಗಿದ್ದೀಯಪ್ಪ ಎಂದು ಕೇಳುವ ಹೊಣೆ ಕೋರ್ಟಿನಲ್ಲಿ ಯಾರ ಮೇಲೂ ಇಲ್ಲ.

ಭಾರತದಲ್ಲಿ ಅಕ್ರಮ ಮಾದಕ ವಸ್ತುಗಳಿಗೆ ದಾಸರಾದವರಲ್ಲಿ ಇಪ್ಪತ್ತಕ್ಕೆ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಗುತ್ತದೆ ಎಂದು 2019ರಲ್ಲಿ ಪ್ರಕಟವಾದ, ದೆಹಲಿಯ ಏಮ್ಸ್ ನೇತೃತ್ವದ ಸಮೀಕ್ಷೆ ಹೇಳಿತು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಂಥ ಸಂಸ್ಥೆ ಇರುವ ರಾಜ್ಯ ನಮ್ಮದು. ಹೊಸ ಕಾನೂನಿಗೆ ಕಾಯದೆ, ಒಂದು ಜಿಲ್ಲೆಯಲ್ಲಾದರೂ ಒಬ್ಬ ನ್ಯಾಯಾಧೀಶರು 39ನೇ ಸೆಕ್ಷನ್ ಅಡಿ ಬಿಟ್ಟವರನ್ನು ತಿಂಗಳಿಗೊಮ್ಮೆ ಕರೆಸಿ ಮಾತಾಡಿಸುವ ವ್ಯವಸ್ಥೆ ಮಾಡಬಹುದು. ಮಾದಕ ನ್ಯಾಯಾಲಯವೆಂಬ ಫಲಕ ಆಮೇಲೆ ಬರಲಿ. ಅಲ್ಲಿಯವರೆಗೆ ಸಹಾಯ ಬೇಕಾದವರಿಗೆ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಇದೆ, ಟೆಲಿ ಮಾನಸ್‌ನ 14416 ಇದೆ.

ಕಣ್ಣಿಡಬೇಕಾದ ಲಕ್ಷಣಗಳು

ಲಂಡನ್ನಿಗೆ ಈ ಕೋರ್ಟುಗಳು ಬಂದಾಗ ದೊಡ್ಡ ಘೋಷಣೆಗಳನ್ನು ಬಿಟ್ಟು ಕೆಲವು ಸಣ್ಣ ಲೆಕ್ಕಗಳನ್ನು ಕೇಳಿ. ಒಬ್ಬ ವ್ಯಸನಿ ಆರು ತಿಂಗಳಲ್ಲಿ ಎಷ್ಟು ನ್ಯಾಯಾಧೀಶರ ಮುಖ ನೋಡಿದ? ಆದೇಶವಾದ ದಿನದಿಂದ ಮೊದಲ ಚಿಕಿತ್ಸೆಯ ಭೇಟಿಗೆ ಎಷ್ಟು ದಿನ ಹಿಡಿಯಿತು? ಒಬ್ಬ ಪ್ರೊಬೇಷನ್ ಅಧಿಕಾರಿಯ ಕೈಯಲ್ಲಿ ಎಷ್ಟು ಜನ? ಮೊದಲ ಸಲ ಜಾರಿದವನಿಗೆ ಚಿಕಿತ್ಸೆ ಹೆಚ್ಚಿಸಿದರೋ, ಜೈಲಿಗೆ ಕಳಿಸಿದರೋ? ಆದೇಶ ಮುಗಿದ ಮೇಲೂ ಅವನ ಜತೆ ಯಾರಾದರೂ ಇದ್ದಾರೆಯೇ? ಇವುಗಳಲ್ಲಿ ಎರಡಕ್ಕೆ ಸರಿಯಾದ ಉತ್ತರ ಸಿಗದಿದ್ದರೂ ಆ ಕೋರ್ಟು ಸೋಲಿನ ದಾರಿಯಲ್ಲಿದೆ ಎಂದು ತಿಳಿಯಿರಿ. ಸ್ಕಾಟ್ಲೆಂಡಿನಲ್ಲಿ ಗ್ಲಾಸ್ಗೋ ಮಾದಕ ನ್ಯಾಯಾಲಯ 2001ರಲ್ಲಿ, ಫೈಫ್‌ನದ್ದು 2002ರಲ್ಲಿ ಶುರುವಾದವು. ಗ್ಲಾಸ್ಗೋದ್ದು ಗಟ್ಟಿಯಾಗಿ ನಿಂತಿತು, ಫೈಫ್‌ನದ್ದು 2013ರಲ್ಲಿ ಮುಚ್ಚಿತು. ಒಳ್ಳೆಯ ಉದ್ದೇಶದಿಂದ ಹುಟ್ಟಿದ್ದೆಲ್ಲ ಉಳಿಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹ್ಯಾರೋ ಕೌನ್ಸಿಲ್‌ನ ಸದಸ್ಯರು ಮತ್ತು ಈ ಭಾಗದ ಸಂಸದರು ಈಗಲೇ ನ್ಯಾಯ ಸಚಿವಾಲಯಕ್ಕೆ ಮೂರು ಮಾತು ಬರೆದು ಕೇಳಲಿ: ವಾಯವ್ಯ ಲಂಡನ್ನಿಗೆ ಕೋರ್ಟು ಬರುವುದಾದರೆ ಅದರ ನ್ಯಾಯಾಧೀಶರನ್ನು ಕನಿಷ್ಠ ಎರಡು ವರ್ಷ ಬದಲಿಸಬಾರದು, ಚಿಕಿತ್ಸೆಯ ಹಣ ಕೋರ್ಟಿಗಿಂತ ಮೊದಲು ಬರಬೇಕು, ಫಲಿತಾಂಶದ ಲೆಕ್ಕ ಪ್ರತಿ ವರ್ಷ ಪ್ರಕಟವಾಗಬೇಕು. ಕನ್ನಡ ಓದುಗರಲ್ಲಿ ನಮ್ಮ ವಿನಂತಿ ಇದಕ್ಕಿಂತ ಸರಳ. ಮನೆಯಲ್ಲಿ ಯಾರಿಗಾದರೂ ಚಟ ಹತ್ತಿದೆ ಎಂಬ ಅನುಮಾನ ಬಂದರೆ ಪೊಲೀಸರು ಬರುವವರೆಗೆ ಕಾಯಬೇಡಿ, ಈ ವಾರವೇ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿ.